ನಾಲ್ಕನೆಯ ಆಯ್ಕೆ: ದೋಷವಿಲ್ಲ

ಕಂಪ್ಲಿ ಬಸ್ಸಿನಿಂದ ಇಳಿದು ಬಂದ ಅಕ್ಕನ ಮಗಳು ಚಪ್ಪಲಿ ಬಿಡುವುದಕ್ಕೂ ಮೊದಲೇ ಕೇಳಿದಳು: “ಮಾಮಾ, ‘ಪ್ರತಿಯೊಬ್ಬ ವಿದ್ಯಾರ್ಥಿಗಳು ಹಾಜರಿರತಕ್ಕದ್ದು’, ಇದರಾಗ ತಪ್ಪು ಎಲ್ಲೈತಿ ಹೇಳು.”

ಶನಿವಾರ ಸಂಜೆ ಆರು ಗಂಟೆಗೆ ಹೊಸಪೇಟೆಯ ಮನುಷ್ಯನ ಬಾಯಲ್ಲಿ ಮಿರ್ಚಿ ಇರುತ್ತದೆ. ನನ್ನ ಬಾಯಲ್ಲೂ ಇತ್ತು. ಖಾರ ನೆತ್ತಿಗೇರುತ್ತಿರುವಾಗ ಏಕವಚನ ಬಹುವಚನ ಯಾರಿಗೆ ಹೊಳೆಯುತ್ತದೆ? ನೀರು ಕುಡಿದು ಕಣ್ಣೊರೆಸಿಕೊಂಡು, “ಹಾಜರಿರೋದ್ರಾಗ ತಪ್ಪೈತಿ. ಪ್ರತಿಯೊಬ್ರೂ ಯಾವ ಕಾಲಕ್ಕ ಹಾಜರಿದ್ರು?” ಎಂದೆ. ಅವಳು ನಗಲಿಲ್ಲ. ನಾಲ್ಕು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಿರುವವರು ಸುಲಭಕ್ಕೆ ನಗುವುದಿಲ್ಲ. ನಕ್ಕರೆ ಕಾಲು ಅಂಕ ಹೋದೀತೇ ಎಂದು ಮೊದಲು ನೋಡಿಕೊಳ್ಳುತ್ತಾರೆ.

“ಮೂವತ್ಮೂರು ವರ್ಷ ಆಫೀಸಿನೊಳಗ ಕುಂತು ನೀ ಬರದಿದ್ದಾದ್ರೂ ಏನು ಮಾಮಾ?” ಎಂದಳು.

ನಮ್ಮ ಕಡೆ ಸೋದರಮಾವನಿಗೆ ಬಹುವಚನದ ಮರ್ಯಾದೆ ಇಲ್ಲ. ತಹಸೀಲ್ದಾರರು ‘ಬಂದರು’, ಮಾಮ ‘ಬಂದ’. ವ್ಯಾಕರಣದ ಪುಸ್ತಕ ಇದಕ್ಕೆ ಗೌರವಾರ್ಥ ಬಹುವಚನ ಎಂದು ಹೆಸರಿಟ್ಟು ಎರಡು ಸಾಲಿನಲ್ಲಿ ಕೈತೊಳೆದುಕೊಳ್ಳುತ್ತದೆ. ಆದರೆ ಯಾರಿಗೆ ‘ಬಂದ’, ಯಾರಿಗೆ ‘ಬಂದರು’, ಯಾವ ವರ್ಷದಿಂದ ಯಾರಿಗೆ ‘ಬಂದ’ ಹೋಗಿ ‘ಬಂದರು’ ಆಯಿತು ಎಂದು ಬರೆಯಹೊರಟರೆ ಓಣಿಗೊಂದು ಸಂಪುಟ ಬೇಕು. ನಮ್ಮ ಓಣಿಯ ಹುಡುಗನೊಬ್ಬ ಬ್ಯಾಂಕಿನಲ್ಲಿ ನೌಕರಿಗೆ ಸೇರಿದ. ಸೋಮವಾರ ಬೆಳಿಗ್ಗೆ ಮನೆ ಬಿಡುವಾಗ ‘ಅವನು’ ಆಗಿದ್ದವನು ಸಂಜೆ ‘ಅವರು’ ಆಗಿ ವಾಪಸು ಬಂದ. ಬಂದರು.

ಆ ‘ರು’ ಎಂಬ ಒಂದು ಪ್ರತ್ಯಯಕ್ಕಾಗಿ ಇಷ್ಟೆಲ್ಲ ಓದು. 2024ರಲ್ಲಿ ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ನಮ್ಮ ನೆಂಟರಿಷ್ಟರಲ್ಲೇ ಏಳು ಜನ ಹಾಕಿದ್ದರು. ಮೊದಲು ಕಡ್ಡಾಯ ಕನ್ನಡ ಪರೀಕ್ಷೆ. 150ಕ್ಕೆ 50 ಬಂದರೆ ಒಳಗೆ ಬಿಡುತ್ತಾರೆ. ಆಮೇಲೆ ಸಾಮಾನ್ಯ ಜ್ಞಾನದ ಪತ್ರಿಕೆ. ಅದರ ಹಿಂದೆಯೇ ಇನ್ನೊಂದು: ಸಾಮಾನ್ಯ ಕನ್ನಡಕ್ಕೆ 35, ಸಾಮಾನ್ಯ ಇಂಗ್ಲಿಷಿಗೆ 35, ಕಂಪ್ಯೂಟರಿಗೆ 30. ಕನ್ನಡಕ್ಕೂ ಇಂಗ್ಲಿಷಿಗೂ ಸಮಪಾಲು ಕೊಟ್ಟು ಜಗಳ ಬಗೆಹರಿಸಿದ್ದಾರೆ. ತಪ್ಪಿದರೆ ಎರಡಕ್ಕೂ ಕಾಲು ಕಾಲು ಅಂಕ ಕಟ್. ಪಂಪನ ನಾಡಿನಲ್ಲಿ ಹುಟ್ಟಿದ್ದಕ್ಕೆ ರಿಯಾಯಿತಿ ಏನಿಲ್ಲ.

ವಾಕ್ಯ ತಿದ್ದುವ ಪ್ರಶ್ನೆ ನೋಡದವರಿಗೆ ಅದರ ಸ್ವರೂಪ ಹೇಳಿಬಿಡುತ್ತೇನೆ. ಒಳ್ಳೆಯದೋ ಕೆಟ್ಟದ್ದೋ, ಒಂದು ವಾಕ್ಯವನ್ನು ಹಿಡಿದು ಕಬ್ಬು ಕಡಿದ ಹಾಗೆ ಮೂರು ಗಣಿಕೆ ಮಾಡುತ್ತಾರೆ. ಎ, ಬಿ, ಸಿ. ಯಾವ ಗಣಿಕೆಯಲ್ಲಿ ಹುಳ ಇದೆ ಎಂದು ನೀವು ಹೇಳಬೇಕು. ಹುಳ ಇಲ್ಲದಿದ್ದರೆ ಡಿ: ದೋಷವಿಲ್ಲ. ಎಲ್ಲ ತಾಪತ್ರಯವೂ ಈ ನಾಲ್ಕನೆಯದರಿಂದಲೇ. ಹುಡುಕುವುದಕ್ಕೆಂದೇ ಕೂತವನಿಗೆ ತಪ್ಪು ಸಿಗದೆ ಹೋಗುತ್ತದೆಯೆ? ಕನ್ಯೆ ನೋಡಲು ಬಂದವರನ್ನು ನೋಡಿ. ಎ: ಎತ್ತರ. ಬಿ: ಬಣ್ಣ. ಸಿ: ನೌಕರಿ. ಚುರುಮುರಿ, ಚಹಾ ಮುಗಿಸಿ, “ಊರಿಗೆ ಹೋಗಿ ತಿಳಿಸ್ತೀವ್ರಿ” ಎನ್ನುತ್ತಾರೆ. ನಮ್ಮ ಅಕ್ಕನ ಮನೆಗೆ ಈವರೆಗೆ ಐದು ಮಂದಿ ಬಂದು ಹೋದರು. ಡಿಗೆ ಗುರುತು ಹಾಕಿದವರು ಒಬ್ಬರೂ ಇಲ್ಲ. “ಆ ಪರೀಕ್ಷೆಯೊಳಗ ನೆಗೆಟಿವ್ ಮಾರ್ಕು ಇದ್ದಿದ್ರ ಗೊತ್ತಾಗ್ತಿತ್ತು ಅವರಿಗೆ” ಎನ್ನುತ್ತಾಳೆ ಹುಡುಗಿ.

ಇಂಗ್ಲಿಷಿನ 35 ಅಂಕದ ಕಥೆ ಬೇರೆ. ಅಲ್ಲಿ ಒಬ್ಬ ಕಳ್ಳನಿದ್ದಾನೆ. ಪೊಲೀಸನನ್ನು ಕಂಡ ಕೂಡಲೇ ಅವನು ಓಡಬೇಕು. ಓಡುವುದೇನೋ ಓಡುತ್ತಾನೆ, ಆದರೆ ‘ನೋ ಸೂನರ್’ ಎಂದು ಶುರು ಮಾಡಿದರೆ ‘ದ್ಯಾನ್’ ಎಂದೇ ಓಡಬೇಕು. ‘ವ್ಹೆನ್’ ಎಂದು ಓಡಿದರೆ ಸಿಕ್ಕಿಬಿದ್ದ. ‘ಹಾರ್ಡ್ಲಿ’ ಎಂದು ಹೊರಟವನು ಮಾತ್ರ ‘ವ್ಹೆನ್’ ಹಿಡಿದು ಓಡಬಹುದು. ನಾನು ಪಿಯುಸಿ ಓದುವಾಗಲೂ ಇದೇ ಕಳ್ಳ ಇದೇ ಪೊಲೀಸನನ್ನು ಕಂಡು ಓಡುತ್ತಿದ್ದ. ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಹಂಪಿಯಲ್ಲಿ ವಿದೇಶಿಯರ ಬಾಯಲ್ಲಿ ಕೂಡ ನಾನು ‘ನೋ ಸೂನರ್’ ಕೇಳಿದ್ದಿಲ್ಲ. ನಮ್ಮಲ್ಲಿ ಆ ಕೆಲಸವನ್ನೆಲ್ಲ ‘ಕೂಡಲೇ’ ಒಂದೇ ಮಾಡುತ್ತದೆ, ಮುಂದೆ ಯಾರನ್ನೂ ಜೊತೆಗೆ ಕೇಳುವುದಿಲ್ಲ.

ಇನ್ನೊಂದು ‘ಒನ್ ಆಫ್ ಮೈ ಫ್ರೆಂಡ್’. ಫ್ರೆಂಡಿಗೆ ‘ಸ್’ ಹಚ್ಚುವುದನ್ನು ಮರೆತು ಅಂಕ ಕಳೆದುಕೊಂಡವರಿಗೆ ಲೆಕ್ಕವಿಲ್ಲ. ‘ಮಾತೃಭಾಷೆಯ ಪ್ರಭಾವ’ ಎಂದು ಕೋಚಿಂಗಿನವರು ಬಯ್ಯುತ್ತಾರೆ. ನನಗೆ ಇಲ್ಲಿ ತಕರಾರಿದೆ. ‘ನನ್ನ ಗೆಳೆಯರಲ್ಲಿ ಒಬ್ಬ’ ಎನ್ನುತ್ತದೆ ಕನ್ನಡ. ‘ಗೆಳೆಯನಲ್ಲಿ ಒಬ್ಬ’ ಎಂದು ಹುಟ್ಟಾ ಕುಡುಕನೂ ಹೇಳಲಾರ. ಕನ್ನಡದಲ್ಲಿ ಯೋಚಿಸಿದ್ದರೆ ಬಹುವಚನ ತಾನಾಗಿ ಬರುತ್ತಿತ್ತು. ಅರ್ಧ ಇಂಗ್ಲಿಷಿನಲ್ಲಿ ಯೋಚಿಸಿದ್ದಕ್ಕೆ ಪಾಪ ಕನ್ನಡಮ್ಮನಿಗೆ ಬೈಗುಳ. ಮನೆಯಲ್ಲಿ ಏನು ಒಡೆದರೂ ಸೊಸೆಯ ಹೆಸರು ಹೇಳಿದ ಹಾಗೆ.

ವ್ಯಾಕರಣಕ್ಕೆ ನಮ್ಮಷ್ಟು ಬೆಲೆ ಕೊಡುವವರು ಈಗ ಅಮೆರಿಕದಲ್ಲೂ ಉಳಿದಿಲ್ಲ ಎಂದು ತೋರುತ್ತದೆ. ಪರಿಚಯದ ಎಂಜಿನಿಯರ್ ಹುಡುಗನೊಬ್ಬ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿದ್ದಾನೆ. ಪರದೇಶಕ್ಕೆ ಹೋಗಿ ಎಂಬಿಎ ಮಾಡುವ ಆಸೆ. ಅದಕ್ಕೆ ಜಿಮ್ಯಾಟ್ ಎಂಬ ಪರೀಕ್ಷೆ. ಶಿಫ್ಟು ಮುಗಿಸಿ ಬಂದು ರಾತ್ರಿಯೆಲ್ಲ ವಾಕ್ಯ ತಿದ್ದುತ್ತಿದ್ದ. 2023ರ ನವೆಂಬರಿನಲ್ಲಿ ಜಿಮ್ಯಾಟಿನ ಹೊಸ ರೂಪ ಬಂತು, ವಾಕ್ಯ ತಿದ್ದುವ ಭಾಗವನ್ನೇ ಅದರಿಂದ ತೆಗೆದುಹಾಕಿದರು. ಕೋಟಿಗಟ್ಟಲೆ ವ್ಯವಹಾರ ನಡೆಸುವ ಮ್ಯಾನೇಜರು ವಾಕ್ಯ ತಿದ್ದಬೇಕಿಲ್ಲ, ಕಂಪ್ಲಿ ತಾಲ್ಲೂಕಿನ ಪಹಣಿ ನೋಡುವವಳು ತಿದ್ದಲೇಬೇಕು! ಆ ಹುಡುಗ ತನ್ನ ಗೈಡುಗಳನ್ನೆಲ್ಲ ಕಟ್ಟಿ ನಮ್ಮ ಹುಡುಗಿಗೆ ಕೊಟ್ಟು ಹೋದ. ಅಂತೂ ಅಮೆರಿಕ ಬಿಟ್ಟಿದ್ದು ಕಂಪ್ಲಿಗೆ ಬಂತು.

ವಾಕ್ಯ ತಿದ್ದುವ ಚಟ ಹತ್ತಿದ ಮೇಲೆ ಅದು ಪುಸ್ತಕದಲ್ಲಿ ನಿಲ್ಲುವುದಿಲ್ಲ. ಒಮ್ಮೆ ಅವಳನ್ನು ಕರೆದುಕೊಂಡು ಸಂಡೂರಿನ ನೆಂಟರ ಮನೆಗೆ ಹೊರಟಿದ್ದೆ. ಅದಿರಿನ ಲಾರಿಗಳ ದಾರಿ. ಗಿಡಗಂಟಿಯೆಲ್ಲ ಕೆಂಪು ಧೂಳು ಮೆತ್ತಿಕೊಂಡು ಓಕುಳಿ ಆಡಿದ ಹಾಗೆ ನಿಂತಿರುತ್ತವೆ. ಬಸ್ಸಿನ ಮುಂದೆ ಒಂದು ಲಾರಿ ದಾರಿ ಬಿಡದೆ ಅರ್ಧ ಗಂಟೆ ತೆವಳಿತು. ಅದರ ಬೆನ್ನ ಮೇಲೆ ದೇಶದ ಎಲ್ಲ ಲಾರಿಗಳ ಬೆನ್ನ ಮೇಲಿರುವುದೇ ಇತ್ತು: ಹಾರ್ನ್ ಓಕೆ ಪ್ಲೀಸ್. ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. “ಎ: ಹಾರ್ನ್. ಬಿ: ಓಕೆ. ಸಿ: ಪ್ಲೀಸ್. ಮಾಮಾ, ಇದರಾಗ ಕ್ರಿಯಾಪದ ಇಲ್ಲ, ಕರ್ತೃ ಇಲ್ಲ, ಓಕೆ ಯಾಕ ಬಂತೋ ಅದಕ್ಕ ಗೊತ್ತಿಲ್ಲ.” ನಮ್ಮ ಡ್ರೈವರಿಗೆ ಮಾತ್ರ ಪೂರ್ತಿ ಅರ್ಥವಾಗಿತ್ತು. ಒತ್ತಿದ ಕೈ ತೆಗೆಯಲಿಲ್ಲ.

ಆ ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲಕ್ಕೆ ನಮ್ಮ ಓಣಿಯಲ್ಲಿ ವ್ಯಾಕರಣ ಕೇಳುವವರಿರಲಿಲ್ಲ. ಮೀಸೆ ಮೂಡುವ ಮುಂಚೆ ಕ್ಲೀನರು, ಮೂಡಿದ ಮೇಲೆ ಡ್ರೈವರು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿತು. ಲಾರಿಗಳು ಮನೆ ಮುಂದೆ ನಿಂತು ಟೈರು ಕೂತವು. ಆಗ ಸ್ಟೇರಿಂಗು ಬಿಟ್ಟವರ ಪೈಕಿ ಮೂವರು ನನ್ನ ಹತ್ತಿರ ಬಂದು ಸಂಧಿ ಸಮಾಸ ಕೇಳಿದರು. ಒಬ್ಬನಿಗೆ ‘ಜಾತಿ’ ಮತ್ತು ‘ಅತೀತ’ ಕೂಡಿಸು ಎಂದೆ. ‘ಜಾತ್ಯಾತೀತ’ ಎಂದ. ದೀರ್ಘ ಬರುವುದಿಲ್ಲ, ‘ಜಾತ್ಯತೀತ’ ಎಂದು ತಿದ್ದಿದೆ. “ಹೆಂಗ ಕೂಡಿಸಿದ್ರೂ ನಮ್ಮೂರಾಗ ಅದು ಕೂಡಾಂಗಿಲ್ಲ ಬಿಡ್ರಿ” ಎಂದ. ಅವನಿಗೆ ಎಷ್ಟು ಅಂಕ ಕೊಡಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಊರಿನ ಹೆಸರೇ ತಿದ್ದುಪಡಿಗೆ ಒಳಗಾದ ಊರು ನಮ್ಮದು. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಹಾಸ್ಪೆಟ್’ ಹೋಗಿ ‘ಹೊಸಪೇಟೆ’ ಆಯಿತು. ನಾವು ಎಂದೂ ಹಾಸ್ಪೆಟ್ ಎಂದವರಲ್ಲವಾದ್ದರಿಂದ ನಮಗೇನೂ ಗೊತ್ತಾಗಲಿಲ್ಲ. ಪಕ್ಕದ ಹಂಪಿಯಲ್ಲಿ 1991ರಲ್ಲಿ ಶುರುವಾದ ಕನ್ನಡ ವಿಶ್ವವಿದ್ಯಾಲಯ ಇದೆ, ಮೈಸೂರಿನದು ವಿಶ್ವವಿದ್ಯಾನಿಲಯ. ಯಾವುದು ಸರಿ ಎಂದು ಹುಡುಗಿ ಕೇಳಿದಾಗ, ಎರಡರಲ್ಲೂ ಪದವಿ ಕೊಡುತ್ತಾರೆ, ಕೆಲಸ ಮಾತ್ರ ಎರಡೂ ಕೊಡುವುದಿಲ್ಲ ಎಂದು ಸಮಾಧಾನ ಹೇಳಿದೆ.

ಆದರೆ ನಿಜವಾಗಿ ನಾನು ಸೋತದ್ದು ಎಮ್ಮೆಗಳ ವಿಷಯದಲ್ಲಿ. ಗೈಡಿನಲ್ಲಿ ಒಂದು ವಾಕ್ಯ: ‘ಅವರ ಮನೆಯಲ್ಲಿ ನಾಲ್ಕು ಎಮ್ಮೆ ಇವೆ.’ ಉತ್ತರ: ಬಿ ಭಾಗದಲ್ಲಿ ತಪ್ಪಿದೆ, ‘ಎಮ್ಮೆಗಳು’ ಆಗಬೇಕು. ಹುಡುಗಿ ಗುರುತು ಹಾಕಿಕೊಂಡಳು. ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವನಿಗೆ ಇದು ಕಿವಿಗೆ ಬಿತ್ತು. “ಯಾರ ಮನ್ಯಾಗ ನಾಕು ಎಮ್ಮಿ ಅದಾವ?” ಎಂದಳು. ಎಂಬತ್ತು ದಾಟಿದ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಎಮ್ಮೆಗೆ ‘ಗಳು’ ಇಲ್ಲ, ಆದರೆ ‘ಅದಾವ’ ಎಂಬ ಕ್ರಿಯಾಪದ ಸರಿಯಾಗಿ ಬಹುವಚನದಲ್ಲಿದೆ. ನಾಲ್ಕು ಎಂದ ಮೇಲೆ ಇನ್ನೂ ‘ಗಳು’ ಯಾಕೆ ಹೊರಬೇಕು ಎಮ್ಮೆ? ನಾವು ಹತ್ತು ರೂಪಾಯಿ ಎನ್ನುತ್ತೇವೆ, ಎರಡು ಎತ್ತು ಎನ್ನುತ್ತೇವೆ, ಮೂರು ತಾಸು ಎನ್ನುತ್ತೇವೆ. ಅಂಗಡಿಗೆ ಹೋಗಿ ‘ಐದು ತೆಂಗಿನಕಾಯಿಗಳನ್ನು ಕೊಡಿ’ ಎಂದರೆ ಅಂಗಡಿಯವನು ಇವರು ಯಾವ ಊರಿನವರೋ ಎಂದು ಎರಡು ರೂಪಾಯಿ ಹೆಚ್ಚು ಹೇಳುತ್ತಾನೆ. ಭಾಷಾವಿಜ್ಞಾನಿ ಡಿ. ಎನ್. ಶಂಕರಭಟ್ಟರು ಈ ಬಗೆಯ ಮಾತಿಗೆಂದೇ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕ ಬರೆದರು. ಗೈಡು ಬರೆಯುವವರ ಕಪಾಟಿಗೆ ಅದು ಇನ್ನೂ ತಲುಪಿದಂತಿಲ್ಲ.

ಶಂಕರಭಟ್ಟರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಇದೇ ಗೋಳನ್ನು ಒಬ್ಬರು ಹೇಳಿಕೊಂಡಿದ್ದಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ. ಪರೀಕ್ಷೆಗೆ ಓದುವವರಿಗೆ ಅದರಿಂದ ಬೇಕಾದ್ದು ಎರಡೇ: ಬರೆದವನು ಶ್ರೀವಿಜಯ, ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ. ಆದರೆ ಅದೇ ಪುಸ್ತಕದಲ್ಲಿ ಕನ್ನಡಗಳಲ್ಲಿರುವ ದೋಷ ಇಷ್ಟೇ ಎಂದು ಎಣಿಸಿ ಹೇಳಹೊರಟರೆ ವಾಸುಕಿಗೂ ಸಾಧ್ಯವಾಗದೆ ಬೇಸರ ಬರುತ್ತದೆ, ಯಾಕೆಂದರೆ ಒಂದೊಂದು ಕಡೆಯ ದೇಸಿ ಒಂದೊಂದು ಥರ ಎಂಬ ಮಾತಿದೆ. ‘ಕನ್ನಡಗಳು’ ಎಂದು ಬಹುವಚನ ಬೇರೆ! ಆ ಕಾಲಕ್ಕೇ ಕನ್ನಡ ಒಂದಲ್ಲ. ವಾಸುಕಿ ಹೊಸಪೇಟೆಯ ಪರೀಕ್ಷಾ ಕೇಂದ್ರದಲ್ಲಿ ಹಾಲ್ ಟಿಕೆಟ್ಟು ಹಿಡಿದು, ಅಷ್ಟೂ ಹೆಡೆಗಳನ್ನು ಒಎಂಆರ್ ಹಾಳೆಯ ಮೇಲೆ ಬಗ್ಗಿಸಿ ಕೂತದ್ದನ್ನು ನೆನೆಯಿರಿ. ಇಲ್ಲಿನ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿಸಿದರೆ ಅವನು ಮೊದಲ ಬೆಲ್ಲಿಗೇ ಎದ್ದು ಹೋದಾನು. ಬಳ್ಳಾರಿ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತು. ಮಾತು ಕನ್ನಡದಲ್ಲಿ ಶುರುವಾಗಿ, ರೇಟಿಗೆ ತೆಲುಗಿಗೆ ತಿರುಗಿ, ಬೈಗುಳಕ್ಕೆ ಉರ್ದುವಿಗೆ ಹೊರಳಿ, ಸಮಾಧಾನಕ್ಕೆ ಮತ್ತೆ ಕನ್ನಡಕ್ಕೆ ಬರುತ್ತದೆ. ಎಲ್ಲಿ ಗಣಿಕೆ ಕಡಿಯುತ್ತೀರಿ?

ಕಡಿಯುವವರೇ ಕೆಲವೊಮ್ಮೆ ಕೈ ಕೊಯ್ದುಕೊಳ್ಳುತ್ತಾರೆ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆಯಿತು. ಕನ್ನಡ ಪ್ರಶ್ನೆಗಳ ಅನುವಾದ ಹೇಗಿತ್ತೆಂದರೆ ಗಲಾಟೆಯಾಗಿ ಡಿಸೆಂಬರ್ 29ರಂದು ಮರುಪರೀಕ್ಷೆ ಇಡಬೇಕಾಯಿತು. ಅದರಲ್ಲೂ ಅನುವಾದದ ತಪ್ಪುಗಳೆಂದು ಮತ್ತೆ ಗಲಾಟೆ. ಇತಿಹಾಸ, ಭೂಗೋಳ ಕೇಳಿದ ಪತ್ರಿಕೆ ಇಡಿಯಾಗಿ ವಾಕ್ಯ ತಿದ್ದುವ ಪ್ರಶ್ನೆಯಾಗಿಬಿಟ್ಟಿತು. ಒಂದೇ ಕೊರತೆ, ಅದಕ್ಕೆ ಅಂಕ ಇರಲಿಲ್ಲ.

ಅದೇ ಆಗಸ್ಟ್ ತಿಂಗಳಲ್ಲಿ ನಮ್ಮೂರಿನಲ್ಲಿ ಇನ್ನೊಂದು ವ್ಯಾಕರಣ ಪಾಠ ನಡೆಯಿತು. ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟು. ನನ್ನ ನೌಕರಿಗೂ ಅಷ್ಟೇ ವರ್ಷ. 10ನೆಯ ತಾರೀಕಿನ ರಾತ್ರಿ 19ನೆಯ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಡ್ಯಾಮು. ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಗಾಬರಿ. ಕಂಪ್ಲಿಯಲ್ಲಿ ಅಕ್ಕನಿಗೆ ಬೇರೆ ಚಿಂತೆ. ಹೊಳೆಗೆ ಲಕ್ಷದ ಮೇಲೆ ಕ್ಯೂಸೆಕ್ ಬಿಟ್ಟರೆ ಗಂಗಾವತಿಗೆ ಹೋಗುವ ಅಲ್ಲಿನ ಸೇತುವೆ ಮುಳುಗುತ್ತದೆ. ಹುಡುಗಿ ಮಾತ್ರ ಪೇಪರು ಹರಡಿಕೊಂಡು ಪೆನ್ಸಿಲ್ ಹಿಡಿದಿದ್ದಳು. “ಚೈನು ತುಂಡಾಗಿದೆ. ಗೇಟು ಕೊಚ್ಚಿಹೋಗಿದೆ. ನೀರು ಪೋಲಾಗುತ್ತಿದೆ. ಎಚ್ಚರಿಕೆ ನೀಡಲಾಗಿದೆ. ಸಂಚಾರ ನಿಷೇಧಿಸಲಾಗಿದೆ. ಮಾಮಾ, ಎಲ್ಲಾ ಆಗೇತಿ, ಮಾಡಿದವ್ರು ಯಾರೂ ಇಲ್ಲ. ಕರ್ತೃ ಎಲ್ಲಿ?”

ನಾನು ಮೂವತ್ಮೂರು ವರ್ಷ ಬರೆದದ್ದು ಅದನ್ನೇ. ‘ತಿಳಿಸಲಾಗಿದೆ’, ‘ಕ್ರಮ ವಹಿಸಲಾಗುವುದು’, ‘ಪರಿಶೀಲನೆಯಲ್ಲಿರುತ್ತದೆ’. ನೌಕರಿಗೆ ಸೇರಿದ ಹೊಸದರಲ್ಲಿ ಒಂದು ಟಿಪ್ಪಣಿಯಲ್ಲಿ ‘ಈ ಕಡತವನ್ನು ನಾನು ಕಳೆದುಕೊಂಡಿದ್ದೇನೆ’ ಎಂದು ಬರೆದಿದ್ದೆ. ಹೆಡ್ ಗುಮಾಸ್ತರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೆಂಪು ಮಸಿಯಲ್ಲಿ ಹೊಡೆದುಹಾಕಿ, ‘ಕಡತವು ಲಭ್ಯವಿರುವುದಿಲ್ಲ’ ಎಂದು ಬರೆದುಕೊಟ್ಟರು. ನಾನು ಬದುಕಿನಲ್ಲಿ ಕಲಿತ ಮೊದಲ ವಾಕ್ಯ ತಿದ್ದುಪಡಿ ಅದು. ನನ್ನ ಪೆನ್ಷನ್ನು ಅದರ ಮೇಲೆ ನಿಂತಿದೆ.

ಆ ವಾರದ ಕೊನೆಗೆ ಪೇಪರಿನ ವ್ಯಾಕರಣವೂ ಬದಲಾಯಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದರು, ಹರಿಯುವ ನೀರಿಗೇ ಸ್ಟಾಪ್‌ಲಾಗ್ ಇಳಿಸಿದರು, ನೀರು ನಿಲ್ಲಿಸಿದರು. ಬಂದರು, ಇಳಿಸಿದರು, ನಿಲ್ಲಿಸಿದರು. ಕೆಲಸ ಕೆಟ್ಟಾಗ ಕರ್ಮಣಿ ಪ್ರಯೋಗ, ಕೂಡಿಬಂದಾಗ ಕರ್ತರಿ ಪ್ರಯೋಗ. ಹುಡುಗಿ ಇದನ್ನು ನೋಟ್ಸಿನಲ್ಲಿ ಬರೆದುಕೊಂಡಳು. ಯಾವ ಪರೀಕ್ಷೆಗೂ ಬಂದಿಲ್ಲ.

ನವರಾತ್ರಿಯ ರಜೆಯಲ್ಲಿ ಅವಳಿಗೆ ತಲೆಗೆ ಸ್ವಲ್ಪ ಗಾಳಿಯಾಡಲಿ ಎಂದು ಹಂಪಿಗೆ ಕರೆದುಕೊಂಡು ಹೋದೆ. ಗಾಳಿ ಎಲ್ಲಿಯದು, ವಿರೂಪಾಕ್ಷ ಗುಡಿಯಲ್ಲಿ ಮತ್ತೆ ಅದೇ. ರಂಗಮಂಟಪದ ಬಳಿ ಕೃಷ್ಣದೇವರಾಯನ ಶಾಸನದ ಕಲ್ಲು ನಿಂತಿದೆ. ಪಟ್ಟಾಭಿಷೇಕದ ಸಂದರ್ಭಕ್ಕೆ ಮಂಟಪ, ಗೋಪುರ ಕಟ್ಟಿಸಿದ ಸಂಗತಿ ಅದರಲ್ಲಿದೆ. ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಹೊರತಂದ ವಿಜಯನಗರದ ಚರಿತ್ರೆಯಲ್ಲಿ ಈ ಕಲ್ಲಿನ ಮೇಲೊಂದು ಅಡಿಟಿಪ್ಪಣಿ ಬರೆದಿದ್ದಾನೆ. ಕಲ್ಲು ಹೇಳುವುದು ಶಕವರ್ಷ 1430, ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ. ಆದರೆ ಶುಕ್ಲ ಸಂವತ್ಸರ ಬೀಳುವುದು ಶಕ 1431ಕ್ಕೆ. ಹಾಗಾದರೆ ಅದು 1509ರ ಮಾಘವೋ 1510ರ ಮಾಘವೋ? ಎ: ಶಕವರ್ಷ. ಬಿ: ಸಂವತ್ಸರ. ಸಿ: ತಿಥಿ. ಚಕ್ರವರ್ತಿ ಸಿಂಹಾಸನ ಏರಿದ ಗಡಿಬಿಡಿಯಲ್ಲಿ ಒಬ್ಬ ಬರಹಗಾರ ಒಂದು ಅಂಕೆ ತಪ್ಪಿದ, ಐನೂರು ವರ್ಷದಿಂದ ವಿದ್ವಾಂಸರು ಡಿ ಎಂದು ಗುರುತು ಹಾಕಲಾರದೆ ಕೂತಿದ್ದಾರೆ.

ಶಾಸನ ಓದುವವರ ಪದ್ಧತಿ ನನಗೆ ಬಲು ಇಷ್ಟ. ಕಲ್ಲಿನಲ್ಲಿ ಅಕ್ಷರ ಬಿಟ್ಟಿದ್ದರೆ, ಒತ್ತು ತಪ್ಪಿದ್ದರೆ, ಅವರು ಪಾಠವನ್ನು ಮುಟ್ಟುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಅಚ್ಚು ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ‘ಹೀಗೆ ಓದಿಕೊಳ್ಳಿ’ ಎಂದು ಬರೆಯುತ್ತಾರೆ. ಕಂಡರಿಸಿದವನ ತಪ್ಪು ಮೇಲೆ, ಪಂಡಿತರ ಒಪ್ಪು ಕೆಳಗೆ. ಇದನ್ನು ನಾನು ಇಪ್ಪತ್ತು ವರ್ಷದವನಿದ್ದಾಗ ಯಾರಾದರೂ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು.

ಆಗ ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ಅಪ್ಪ ಕಂಪ್ಲಿ ಕಡೆ ಕಾಲುವೆಯ ಮೇಲೆ ಲಸ್ಕರ್. ನಾಲ್ಕನೇ ಇಯತ್ತೆ ಓದಿದ್ದ. ತಿಂಗಳಿಗೊಂದು ಇನ್ಲೆಂಡು ಬರೆಯುತ್ತಿದ್ದ. ಅಕ್ಷರ ದಪ್ಪ, ದೀರ್ಘ ಇಲ್ಲ, ಒತ್ತು ಮನಸ್ಸು ಬಂದ ಕಡೆ. ಕಾಲುವೆಗೆ ನೀರು ಬಂದದ್ದು, ಬಾಳೆಗೆ ಗಾಳಿ ಹೊಡೆದದ್ದು, ಯಾರು ಯಾರ ಸಂಗಡ ಮಾತು ಬಿಟ್ಟದ್ದು, ಎಲ್ಲ ಇರುತ್ತಿತ್ತು. ವ್ಯಾಕರಣದಲ್ಲಿ ಹೆಚ್ಚು ಅಂಕ ಬಂದ ವರ್ಷ ನನ್ನ ತಲೆ ನೆಟ್ಟಗಿರಲಿಲ್ಲ. ಅಪ್ಪನ ಒಂದು ಕಾಗದವನ್ನು ಕೆಂಪು ಮಸಿಯಿಂದ ತಿದ್ದಿ, ಕೆಳಗೆ ‘ಒಟ್ಟು ತಪ್ಪುಗಳು: 41’ ಎಂದು ಬರೆದು, ವಾಪಸು ಕಳಿಸಿಬಿಟ್ಟೆ. ಅದರಲ್ಲಿ ‘ಎಮ್ಮಿ ಇದೈತಿ’ ಎಂದಿತ್ತು. ನಾನು ‘ಎಮ್ಮೆ ಇದೆ’ ಎಂದು ತಿದ್ದಿದ್ದೆ.

ರಜೆಗೆ ಊರಿಗೆ ಹೋದರೆ ಹಿತ್ತಲಲ್ಲಿ ಎಮ್ಮೆಯ ಪಕ್ಕ ಕರು ನಿಂತಿತ್ತು. ಎರಡು ತಿಂಗಳ ಕರು. “ಯಾವಾಗ ಈದಿತು? ಹೇಳೇ ಇಲ್ಲ?” ಎಂದೆ. “ಬರದಿದ್ನೆಲ್ಲೋ” ಎಂದ ಅಪ್ಪ. ಈದೈತಿ ಎಂದು ಬರೆಯುವಾಗ ಒಂದು ದೀರ್ಘ ಬಿಟ್ಟಿದ್ದ, ಅಷ್ಟೇ. ನನ್ನ ತಿದ್ದುಪಡಿಯಲ್ಲಿ ಕಾಗುಣಿತ ಉಳಿದು ಕರು ಹೋಗಿತ್ತು. ಅಪ್ಪ ಬಯ್ಯಲಿಲ್ಲ. ಕೆಂಪು ಮಸಿಯ ಕಾಗದವನ್ನು ಮಡಚಿ ಟ್ರಂಕಿನಲ್ಲಿಟ್ಟಿದ್ದ, ಕಾಲುವೆ ಕಚೇರಿಯಲ್ಲಿ ನಾಲ್ಕು ಜನಕ್ಕೆ ತೋರಿಸಿ ಮಗ ಶಾಣ್ಯಾ ಆಗ್ಯಾನ ಎಂದು ಹೇಳಿಕೊಂಡೂ ಇದ್ದನಂತೆ. ಆದರೆ ಆಮೇಲಿನ ಕಾಗದಗಳು ಮೂರೇ ಸಾಲು. ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ. ಹಣ ಕಳಿಸಿದ್ದೇನೆ. ಯಾರ ಕೈಲೋ ತಿದ್ದಿಸಿ, ನೋಡಿ ಬರೆದದ್ದು. ಮೂರು ಸಾಲಿನಲ್ಲಿ ಒಂದೂ ತಪ್ಪಿಲ್ಲ. ಬಾಳೆಯ ಸುದ್ದಿಯೂ ಇಲ್ಲ.

ಇದನ್ನು ಹಂಪಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಗೆ ಹೇಳಿದೆ. ಅವಳು ತುಸು ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದು, “ನಲವತ್ತೊಂದು ತಪ್ಪಂದ್ರ ಹತ್ತೂಕಾಲು ಅಂಕ ಕಟ್ ಮಾಮಾ, ತಾತನಿಗೆ” ಎಂದಳು. ಅಷ್ಟು ಬೇಗ ಲೆಕ್ಕ ಹೇಗೆ ಮಾಡಿದಳೋ.

ಅವಳ ಒಂದು ಪರೀಕ್ಷೆಯ ಫಲಿತಾಂಶ ಮೊನ್ನೆ ಬಂತು. ಕನ್ನಡ ಪತ್ರಿಕೆಯ ಒಂದು ವಾಕ್ಯಕ್ಕೆ ಕೀ ಉತ್ತರದಲ್ಲಿ ‘ದೋಷವಿಲ್ಲ’ ಎಂದು ಕೊಟ್ಟಿದ್ದರು. ದೋಷ ಇದೆ ಎಂದು ಅವಳು ಹಣ ಕಟ್ಟಿ ಆಕ್ಷೇಪಣೆ ಸಲ್ಲಿಸಿದ್ದಳು. ಪರಿಷ್ಕೃತ ಕೀ ಉತ್ತರದಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟು ಎಲ್ಲರಿಗೂ ಕೃಪಾಂಕ ಕೊಟ್ಟಿದ್ದರು. ಕಟಾಫ್ ಅರ್ಧ ಅಂಕಕ್ಕೆ ತಪ್ಪಿತು. ಅರ್ಧ ಅಂಕ ಎಂದರೆ ಎರಡು ತಪ್ಪು. ಎರಡು ದಿನ ಅವಳು ಫೋನು ಎತ್ತಲಿಲ್ಲ. ಅಕ್ಕ ಮಾತ್ರ, “ಉಣ್ಣಾಕತ್ಯಾಳ, ಚಿಂತಿ ಮಾಡಬ್ಯಾಡ” ಎಂದಳು.

ಈ ಶನಿವಾರ ಮಧ್ಯಾಹ್ನ ಮೊಬೈಲಿಗೆ ಒಂದು ಸಂದೇಶ ಬಂತು: “ಮಾಮ ನಾ ಬರಾಕತಿನಿ ಹೊಸ ನೋಟಿಪಿಕೆಶನ್ ಬಂದೈತಿ ಮಿರ್ಚಿ ತಂದಿಡು”. ಪೂರ್ಣವಿರಾಮ ಇಲ್ಲ, ಅಲ್ಪವಿರಾಮ ಇಲ್ಲ, ಒತ್ತು ಹೋಗಿದೆ, ಮೂರು ವಾಕ್ಯ ಒಂದರ ಬಾಲ ಒಂದು ಹಿಡಿದು ಓಡಿ ಬಂದಿವೆ. ಎರಡು ಸಲ ಓದಿದೆ. ಡಿ. ಚೀಲ ತೆಗೆದುಕೊಂಡು ಹೊರಟೆ. ಐದೂವರೆ ಮೀರಿದರೆ ನಮ್ಮ ಮೂಲೆಯ ಗಾಡಿಯಲ್ಲಿ ಮಿರ್ಚಿ ಉಳಿಯುವುದಿಲ್ಲ.